ಭಟ್ಟರ ಹೋಟೆಲಿನ ಮಹಡಿಯ ಸಲಹೆಗಾರರು

ಗುರ್ರ್… ಗಡ್. ಗುರ್ರ್… ಗಡ್. ರುಬ್ಬುವ ಗುಂಡು ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಎಡವುವ ಸದ್ದು. ಅಹಮದಾಬಾದಿನ ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಗಲ್ಲಿಯೊಂದರಲ್ಲಿ ಉಡುಪಿ ಕಡೆಯ ಭಟ್ಟರ ಹೋಟೆಲಿತ್ತು. ಅದರ ಹಿಂದಿನ ಅಡುಗೆಮನೆಯಿಂದ ಆ ಸದ್ದು ಮರದ ಹಲಗೆಯ ನೆಲವನ್ನು ದಾಟಿ, ಮಹಡಿಯ ಮೇಲಿದ್ದ ನನ್ನ ಟೈಪ್‌ರೈಟರ್ ಮೇಜಿನ ಕಾಲುಗಳಿಗೆ ಏರಿಬರುತ್ತಿತ್ತು. ಬೆಳಗಿನ ಹೊತ್ತು ನಾನು ಟೈಪ್ ಮಾಡಿದ ಸಾಲುಗಳು ಸ್ವಲ್ಪ ಸೊಟ್ಟಗಿರುತ್ತಿದ್ದವು. ಅದು ದೋಸೆ ಹಿಟ್ಟಿನ ತಪ್ಪು ಎಂದು ನಮ್ಮ ಆಫೀಸಿನ ಬಾಸ್, ನನ್ನ ಸರ್, ನಗುತ್ತಿದ್ದರು.

ಮೊನ್ನೆ ವಸ್ತ್ರಾಪುರದ ನಮ್ಮ ಫ್ಲ್ಯಾಟಿನ ಎದುರು ಹೊಸ ಕಟ್ಟಡಕ್ಕೆಂದು ಕಾಂಕ್ರೀಟ್ ಕಲಸುವ ಡ್ರಮ್ ತಂದು ನಿಲ್ಲಿಸಿದರು. ಜಲ್ಲಿ ಒಳಗೆ ಉರುಳತೊಡಗಿದಾಗ ಅದೇ ಸದ್ದು, ಅದೇ ಎಡವು. ಬಾಲ್ಕನಿಯಲ್ಲಿ ಎದುರಿಗೆ ಮಗಳ ಮಗ ಕೂತಿದ್ದ. ಹೊಸದಾಗಿ ಕನ್ಸಲ್ಟಿಂಗ್ ಕಂಪನಿ ಶುರುಮಾಡುತ್ತಿದ್ದಾನೆ; ಅದೇ ಮಾತು.

"ಅಜ್ಜಿ, ಸಣ್ಣ ಕಂಪನಿಗಳಿಗೆ ಅಡ್ವೈಸ್ ಕೊಡೋದು. ಕ್ಲೈಂಟ್‌ಗೆ ಆಲ್ಮೋಸ್ಟ್ ಫ್ರೀ. ಫೀಸ್ ಗವರ್ನಮೆಂಟ್ ಪೇ ಮಾಡ್ತದೆ. ಸಬ್ ಖುಷ್!"

ಸಬ್ ಖುಷ್… ಸರ್ ಕೂಡ ಹೆಚ್ಚೂಕಡಿಮೆ ಇದನ್ನೇ ಹೇಳಿದ್ದರು, ಇವನ ತಾಯಿ ಹುಟ್ಟುವುದಕ್ಕೂ ಮೊದಲು.

ಅರವತ್ತರ ದಶಕ. ಗುಜರಾತ್ ಬೇರೆ ರಾಜ್ಯವಾಗಿ ಹೆಚ್ಚು ಕಾಲವಾಗಿರಲಿಲ್ಲ. ಎಲ್ಲೆಲ್ಲೂ ಹೊಸ ಇಂಡಸ್ಟ್ರಿಯ ಮಾತು. ನನ್ನ ತಂದೆ ರೈಲ್ವೆ ಅಕೌಂಟ್ಸ್‌ನವರು, ಬೆಂಗಳೂರಿನಿಂದ ಅಲ್ಲಿಗೆ ಟ್ರಾನ್ಸ್‌ಫರ್ ಆಗಿದ್ದರು. ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಓದಿ, ಬಿ.ಎ. ಮುಗಿಸಿ, ಶಾರ್ಟ್‌ಹ್ಯಾಂಡ್ ಕಲಿತು, ಗಂಡು ಸಿಗುವವರೆಗೆ ಮನೆಯಲ್ಲಿ ಕೂತಿದ್ದ ಹುಡುಗಿ ನಾನು. ತಂದೆ ಸಂಜೆ ಕಾಫಿಗೆ ಹೋಗುತ್ತಿದ್ದ ಭಟ್ಟರ ಹೋಟೆಲಿನಲ್ಲೇ ಅವರಿಗೆ ಸರ್ ಪರಿಚಯವಾದದ್ದು. ಧಾರವಾಡದವರು. ಒಂದು ಮಿಲ್ಲಿನಲ್ಲಿ ಟೈಮ್ ಸ್ಟಡಿ, ಅಂದರೆ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುವುದನ್ನು, ನೋಡಿಕೊಳ್ಳುತ್ತಿದ್ದವರು, ಅದನ್ನು ಬಿಟ್ಟು ಸ್ವಂತ ಪ್ರ್ಯಾಕ್ಟೀಸ್ ಶುರುಮಾಡಿದ್ದರು. ಹೆಂಡತಿ ಮಕ್ಕಳು ಊರಿನಲ್ಲಿ. ಭಟ್ಟರೇ ತಮ್ಮ ಹೋಟೆಲಿನ ಮೇಲಿನ ಕೋಣೆ ಕೊಟ್ಟಿದ್ದರು.

"ನಿಮಗ ಇಂಗ್ಲಿಷ್ ಬರ್ತದ, ಶಾರ್ಟ್‌ಹ್ಯಾಂಡ್ ಬರ್ತದ. ಸುಮ್ಮನಿರೂದು ಬರ್ತದೇನ್ರಿ?" ಎಂದು ಕೇಳಿದ್ದರು ಮೊದಲ ದಿನ.

"ಕಾನ್ವೆಂಟಲ್ಲಿ ಅದನ್ನೇ ಮೊದಲು ಕಲಿಸೋದು, ಸರ್."

ಜೋರಾಗಿ ನಕ್ಕರು. ನನ್ನ ಇಂಟರ್‌ವ್ಯೂ ಅಷ್ಟೇ.

ಹೊರಗೆ ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ 'ಇಂಡಸ್ಟ್ರಿಯಲ್ ಕನ್ಸಲ್ಟೆಂಟ್ಸ್' ಎಂದಿತ್ತು. ಒಳಗೆ ಅವರೊಬ್ಬರೇ. ಉಳಿದವರು ಯಾರು ಎಂದು ಕೇಳಿದೆ. "ಯಾರೂ ಇಲ್ರಿ. ಒಬ್ಬಾಂವಗ ಯಾರು ಮರ್ಯಾದಿ ಕೊಡ್ತಾರ? ಅದಕ್ಕ ನನಗ ನಾನೇ ಬಹುವಚನ ಹಚಗೊಂಡೀನಿ" ಎಂದರು. ಅವರ ತಮಾಷೆಗಳು ಹೀಗೆ, ತಮ್ಮ ಮೇಲೆ ತಾವೇ ಮಾಡಿಕೊಳ್ಳುವಂಥವು. ಆ ದಿನಗಳಲ್ಲಿ.

ಭಟ್ಟರಿಗೆ ಮೇಲಿನ ಆಫೀಸಿನ ಮೇಲೆ ಎಲ್ಲಿಲ್ಲದ ಹೆಮ್ಮೆ. ಗಿರಾಕಿಗಳು ಗಲಾಟೆ ಮಾಡಿದರೆ, "ಮೆಲ್ಲ ಮಾತಾಡಿ ಮಾರಾಯ್ರೆ, ಮೇಲೆ ಇಂಗ್ಲಿಷ್ ಆಫೀಸು ಉಂಟು" ಎಂದು ಗದರುತ್ತಿದ್ದರು. ಆ ಗದರಿಕೆಯೇ ಗಲಾಟೆಗಿಂತ ಜೋರು. ಮಧ್ಯಾಹ್ನ ಮೆಟ್ಟಿಲ ಬುಡಕ್ಕೆ ಬಂದು, "ಸರ್, ಅನ್ನ ಆರ್ತದೆ!" ಎಂದು ಕೂಗುತ್ತಿದ್ದರು. ಸರ್ ಇಳಿದುಹೋಗಿ ಮೂಲೆಯ ಮೇಜಿಗೆ ಕೂರುತ್ತಿದ್ದರು. ಅವರ ಎಲೆಗೆ ತುಪ್ಪ ಬೇರೆ. ಊಟದ ಬಿಲ್ಲಿನ ಮಾತನ್ನು ಭಟ್ಟರು ಎತ್ತಿದ್ದು ನಾನು ಕೇಳಿಲ್ಲ. "ನಮ್ಮವರು, ಓದಿದವರು, ಪರದೇಶದಲ್ಲಿ ಒಬ್ಬರೇ" ಎನ್ನುತ್ತಿದ್ದರು, ತಾವೇನೋ ಗುಜರಾತಿನಲ್ಲೇ ಹುಟ್ಟಿದವರಂತೆ.

ನಾನು ಸರ್ ಅವರನ್ನು ನೆನೆಯಬೇಕೆಂದರೆ ಸೂರತ್ತಿನಿಂದಲೇ ನೆನೆಯಬೇಕು. ಇಲ್ಲವಾದರೆ ನಾನು ಅವರಿಗೆ ಅನ್ಯಾಯ ಮಾಡುತ್ತೇನೆ.

ಸೂರತ್ತಿನಲ್ಲಿ ರೇಷ್ಮೆ ನೇಯುವ ಒಂದು ಸಣ್ಣ ಶೆಡ್ಡು. ಮಗ್ಗಗಳು ಎಷ್ಟು ಓಡಿದರೂ ಸೀರೆ ಇಳಿಯುತ್ತಿಲ್ಲ, ಬಂದು ನೋಡಿ ಎಂದು ಸೇಠ್ ಹೇಳಿಕಳಿಸಿದ್ದ. ನೋಟ್ಸ್ ತೆಗೆದುಕೊಳ್ಳಲು ನಾನು ಹೋಗಬೇಕು. ಮದುವೆಯಾಗದ ಹುಡುಗಿ ಒಬ್ಬಳೇ ಬಾಸ್ ಜೊತೆ ರೈಲಿನಲ್ಲಿ ಹೋಗುವುದೆಂದರೆ ನನ್ನ ತಾಯಿ ಊಟ ಬಿಡುತ್ತಿದ್ದರು. ಹಾಗಾಗಿ ಭಟ್ಟರ ಹೆಂಡತಿ ಶಾಪೆರೋನ್ ಆಗಿ ಹೊರಟರು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ಮೊಸರನ್ನದ ಗಂಟು ಮಡಿಲಲ್ಲಿಟ್ಟುಕೊಂಡು, ಕಿಟಕಿಯ ಪಕ್ಕ ಕೂತು, "ನಾನು ಕಾವಲಿಗೆ ಬಂದದ್ದಲ್ಲ ಮಗಾ, ಸೀರೆ ನೋಡಲಿಕ್ಕೆ ಬಂದದ್ದು" ಎಂದು ಮೊದಲೇ ಸ್ಪಷ್ಟಪಡಿಸಿದರು.

ಸರ್ ಆ ದಿನವಿಡೀ ಶೆಡ್ಡಿನಲ್ಲಿ ನಿಂತೇ ಇದ್ದರು. ಕುರ್ಚಿ ತಂದರೆ ಬೇಡವೆಂದರು. ಸ್ಟಾಪ್‌ವಾಚ್ ಜೇಬಿನಲ್ಲೇ ಉಳಿಯಿತು. ಸುಮ್ಮನೆ ನೋಡಿದರು, ಅಷ್ಟೇ. ನೂಲು ಸುತ್ತಿದ ಕಡ್ಡಿಗಳು ಒಂದು ಕಪಾಟಿನಲ್ಲಿದ್ದವು; ಕಪಾಟಿನ ಬೀಗದ ಕೈ ಸೇಠನ ತಾಯಿಯ ಸೊಂಟದಲ್ಲಿ; ತಾಯಿ ಇದ್ದದ್ದು ಹಿಂದಿನ ಮನೆಯ ದೇವರಕೋಣೆಯಲ್ಲಿ. ಮುದುಕಿಯ ಪೂಜೆ ಮುಗಿಯುವವರೆಗೆ ಮಗ್ಗದವರು ಅಂಗಳದಲ್ಲಿ ನಿಂತು ಬೀಡಿ ಸೇದುತ್ತಿದ್ದರು. ಸಂಜೆ ಸರ್ ಸೇಠನ ಕಿವಿಯಲ್ಲಿ ಮೆಲ್ಲಗೆ ಇಷ್ಟೇ ಹೇಳಿದರು: ತಾಯಿಯವರಿಗೆ ಬೇರೆ ಯಾವುದಾದರೂ ದೊಡ್ಡ ಕಪಾಟಿನ ಕೀಲಿ ಕೊಡಿ, ಇದರ ಕೀಲಿ ಮಗ್ಗದ ಹತ್ತಿರ ನೇತುಹಾಕಿ. ಸೇಠ್ ತೊಡೆ ತಟ್ಟಿಕೊಂಡು ನಕ್ಕ. ಅಲ್ಲೇ ಆ ಕ್ಷಣವೇ ಹಾಗೆ ಮಾಡಿಸಿದ. ನಮಗೆ ಭರ್ಜರಿ ಊಟ ಹಾಕಿಸಿದ. ಹೊರಡುವಾಗ ಸರ್ ಫೀಸಿನ ಮಾತೆತ್ತಿದರು.

"ಅರೇ ಸಾಹೇಬ್, ಸಲಾಹ್‌ನಾ ತೇ ಪೈಸಾ ಹೋಯ್?" ಎಂದ ಸೇಠ್. ಸಲಹೆಗೂ ಉಂಟೇ ದುಡ್ಡು? ಅವನ ದನಿಯಲ್ಲಿ ಮೋಸವಿರಲಿಲ್ಲ, ನಿಜವಾಗಿಯೂ ಆಶ್ಚರ್ಯವಾಗಿತ್ತು. ಅಲ್ಲಿ ಸಲಹೆ ಎಂದರೆ ಚಹಾದ ಜೊತೆ ಹಿರಿಯರು ಕೊಡುವಂಥದ್ದು. ಮಾರುವವನು ಸಣ್ಣವನಾಗಿಬಿಡುತ್ತಾನೆ. ಅವನು ಘಾರಿಯ ಒಂದು ಪೆಟ್ಟಿಗೆಯನ್ನು, ಸೂರತ್ತಿನ ಆ ತುಪ್ಪ ಹೆಪ್ಪುಗಟ್ಟಿದ ಮಿಠಾಯಿಯನ್ನು, ಎರಡೂ ಕೈಯಿಂದ ಸರ್ ಕೈಗಿಟ್ಟು ನಮಸ್ಕಾರ ಮಾಡಿದ.

ವಾಪಸ್ ರೈಲಿನಲ್ಲಿ ಸರ್ ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. "ತಿನ್ರಿ ಅಕ್ಕಾರ, ನಮ್ಮ ಫೀಸು" ಎಂದು ಕೊನೆಗೆ ಬಿಚ್ಚಿದರು. ಅಕ್ಕ ಒಂದು ತುಂಡು ಬಾಯಿಗಿಟ್ಟುಕೊಂಡು, "ತುಪ್ಪ ಮಾತ್ರ ಒಳ್ಳೆಯದು ಉಂಟು ಸರ್, ಇವರು ಮೋಸದವರಲ್ಲ" ಎಂದರು. ನಾವು ಮೂವರೂ ನಕ್ಕೆವು. ನಗುವಾಗ ಸರ್ ಕಣ್ಣು ಕಿಟಕಿಯ ಕಡೆಗಿತ್ತು… ಊರಿಗೆ ಕಳಿಸಬೇಕಾದದ್ದರ ಯೋಚನೆಯಿದ್ದಿರಬೇಕು.

ಇಂಥ ಮನುಷ್ಯನಿಗೆ ಸರ್ಕಾರದ ಸ್ಕೀಮು ಬಂದದ್ದು ವರವಾಗಿಯೇ. ಅದನ್ನು ನಾನು ಒಪ್ಪುತ್ತೇನೆ. ಸಣ್ಣ ಕಾರ್ಖಾನೆಯವರು ತಜ್ಞರಿಂದ ಸಲಹೆ ಪಡೆದರೆ ಫೀಸಿನ ಬಹುಪಾಲನ್ನು ಸರ್ಕಾರವೇ ನೇರವಾಗಿ ತಜ್ಞರಿಗೆ ಕೊಡುತ್ತದೆ. ಸಲಹೆ ಜಾರಿಗೆ ಬಂದಿದೆ ಎಂದು ಒಬ್ಬ ಆಫೀಸರ್ ಬಂದು ನೋಡಿ ಸರ್ಟಿಫೈ ಮಾಡಿದರೆ ಸಾಕು. ಸರ್ ಹೆಸರು ತಜ್ಞರ ಪ್ಯಾನೆಲ್ಲಿಗೆ ಸೇರಿತು.

"ಸಲಹಾ ತಗೊಳ್ಳಾಂವ ಒಬ್ಬ, ರೊಕ್ಕ ಕೊಡಾಂವ ಇನ್ನೊಬ್ಬ. ಇಬ್ಬರಿಗೂ ಸಂತೋಷ. ಇದಕ್ಕಿಂತ ಛಲೋ ಏನದರಿ?" ಎಂದು ಸರ್ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದರು. ಭಟ್ಟರು ಎಲ್ಲರಿಗೂ ಕೇಸರಿಬಾತ್ ಹಂಚಿದರು.

ಪ್ರ್ಯಾಕ್ಟೀಸ್ ಬೆಳೆಯಿತು. ಹೇಗೆ ಬೆಳೆಯಿತೆಂದರೆ, ಪಕ್ಕದ ಕೋಣೆಯೂ ನಮ್ಮದಾಯಿತು, ಕಾಲಿಂಗ್ ಬೆಲ್ ಬಂತು, ಟೈ ಕಟ್ಟಿದ ಹುಡುಗ ಎಂಜಿನಿಯರುಗಳು ಬಂದರು, ಬರೋಡಾದಲ್ಲಿ ಬ್ರ್ಯಾಂಚ್ ತೆರೆಯಿತು. (ಈಗ ವಡೋದರಾ ಎನ್ನಬೇಕು, ನನ್ನ ನಾಲಿಗೆ ಹೊರಳುವುದಿಲ್ಲ.) ಬೋರ್ಡಿನ ಬಹುವಚನ ಕೊನೆಗೂ ನಿಜವಾಯಿತು. ರಿಪೋರ್ಟುಗಳು ದಪ್ಪವಾದವು. ಸೂರತ್ತಿನ ಸಲಹೆ ಅಂಗೈ ಅಗಲದ ಕಾಗದದಲ್ಲಿ ಮುಗಿಯುತ್ತಿತ್ತು. ಈಗ ತೆಳ್ಳಗಿನ ರಿಪೋರ್ಟ್ ಕಂಡರೆ ಮೇಲಿನವರು ಅನುಮಾನಪಡುತ್ತಾರೆಂದು ಸರ್ ಹೇಳಿದರು. ಕಾನ್ವೆಂಟಿನ ಸಿಸ್ಟರ್ ನಮಗೆ ವರ್ಷಗಟ್ಟಲೆ ಪ್ರೆಸಿ ಬರೆಯಲು ಕಲಿಸಿದ್ದರು. ದೊಡ್ಡ ಪ್ಯಾಸೇಜನ್ನು ಹಿಂಡಿ ಮೂರರಲ್ಲೊಂದು ಮಾಡುವ ವಿದ್ಯೆ. ನಾನು ಆ ವಿದ್ಯೆಯನ್ನು ತಲೆಕೆಳಗು ಮಾಡಿ ಸಂಬಳ ತೆಗೆದುಕೊಂಡೆ. 'ವೇರ್‌ಆ್ಯಸ್' 'ನಾಟ್‌ವಿತ್‌ಸ್ಟ್ಯಾಂಡಿಂಗ್' ಎಂದು ನಾನು ಟೈಪಿಸಿದರೆ ಸರ್ ಮುಖ ಅರಳುತ್ತಿತ್ತು.

ಬರೋಡಾದ ಒಂದು ಫೌಂಡ್ರಿಗೆ ಹೋಗಿದ್ದೆವು. ಹೊಗೆ ಹೊರಹೋಗಲೆಂದು ಮಾಲೀಕ ಅದೇ ತಾನೇ ಗೋಡೆ ಒಡೆದು ದೊಡ್ಡ ಕಿಟಕಿ ಮಾಡಿಸಿದ್ದ. ಗಾರೆ ಇನ್ನೂ ಹಸಿ. ವಾಪಸ್ ಬಂದು ಸರ್ ಡಿಕ್ಟೇಟ್ ಮಾಡಿದರು: ಪಶ್ಚಿಮದ ಗೋಡೆಯಲ್ಲಿ ಒಂದು ಕಿಟಕಿ ಮಾಡಿಸತಕ್ಕದ್ದು.

"ಸರ್, ಕಿಟಕಿ ಮೊದ್ಲೇ ಇತ್ತಲ್ಲ."

"ಇತ್ತಲ್ಲ, ಅದಕ್ಕ ಬರೀರಿ. ಇಲ್ಲದ್ದು ಬರದ್ರ ಅಂವ ಮಾಡಬೇಕಲ್ಲ? ಅಂವ ಮಾಡೂದು ಯಾವಾಗ, ಆಫೀಸರ್ ನೋಡೂದು ಯಾವಾಗ, ನಮ್ಮ ಬಿಲ್ ಪಾಸ್ ಆಗೂದು ಯಾವಾಗ?"

ಆಫೀಸರ್ ಬಂದರು, ಕಿಟಕಿ ನೋಡಿದರು, 'ಇಂಪ್ಲಿಮೆಂಟೆಡ್' ಎಂದು ಬರೆದು ಸಹಿ ಹಾಕಿದರು. ಆಮೇಲಿಂದ ಅದೇ ನಮ್ಮ ಪದ್ಧತಿಯಾಯಿತು. ಹುಡುಗ ಎಂಜಿನಿಯರುಗಳಿಗೆ ಸರ್ ಅದನ್ನೇ ಕಲಿಸಿದರು: ಮೊದಲು ಚಹಾ ಕುಡೀರಿ, ಮಾಲೀಕ ಈ ವರ್ಷ ಏನೇನು ಮಾಡಿದ್ದಾನೆಂದು ಕೇಳಿ, ಅದನ್ನೇ ಸಲಹೆಯೆಂದು ಬರೆಯಿರಿ. ನಗು ಬರುತ್ತಿತ್ತು ನನಗೆ. ಯಾರಿಗೂ ನಷ್ಟವಿಲ್ಲವಲ್ಲ ಎಂದುಕೊಂಡು ನಕ್ಕೆ ಕೂಡ. ನಿಲ್ಲುವುದನ್ನು ಸರ್ ಬಿಟ್ಟಿದ್ದರು. ಈಗ ಕಾರ್ಖಾನೆಗೆ ಹೋದರೆ ಕುರ್ಚಿ ತರಿಸಿಕೊಳ್ಳುತ್ತಿದ್ದರು.

ಆ ವರ್ಷ ಮಾರ್ಚ್ ಹತ್ತಿರ ಬಂತು. ಮಾರ್ಚ್ ಮುಗಿಯುವುದರೊಳಗೆ ಖರ್ಚಾಗದ ಹಣ ಸರ್ಕಾರಕ್ಕೆ ವಾಪಸ್. ಇದ್ದ ಕಾರ್ಖಾನೆಗೆ ಕೊಟ್ಟ ಸಲಹೆಗಿಂತ, ಹೊಸ ಕಾರ್ಖಾನೆ ಹುಟ್ಟಿಸಿದ ಸಲಹೆಗೆ ಫೀಸು ಹೆಚ್ಚು. ಹೊಸ ಕಾರ್ಖಾನೆ ಹಾಕುವವರು ಯಾರಿದ್ದಾರೆ ಎಂದು ಸರ್ ಹುಡುಕುತ್ತಿದ್ದರು. ಒಂದು ಮಧ್ಯಾಹ್ನ ಎಲೆಯ ಮುಂದೆ ಕೂತವರು ಸಾರು ಬಡಿಸುತ್ತಿದ್ದ ಭಟ್ಟರ ಕಡೆ ತಲೆಯೆತ್ತಿ ನೋಡಿದರು. ಪಕ್ಕದ ಮೇಜಿನಲ್ಲಿ ಕಾಫಿ ಕುಡಿಯುತ್ತಿದ್ದ ನಾನು ಆ ನೋಟ ನೋಡಿದೆ.

"ಭಟ್ಟರ, ಈ ಸಾರಿನ ಪುಡಿ ಯಾರು ಮಾಡ್ತಾರ್ರಿ?"

"ನಮ್ಮವಳೇ. ಎಂತಕ್ಕೆ ಸರ್, ಖಾರ ಆಯ್ತಾ?"

"ಇದನ್ನ ಫ್ಯಾಕ್ಟರಿಯೊಳಗ ಮಾಡಿದ್ರ ಹೆಂಗ?"

ಫ್ಯಾಕ್ಟರಿ ಎಂಬ ಮಾತು ಭಟ್ಟರ ಮುಖದ ಮೇಲೆ ದೀಪದಂತೆ ಹತ್ತಿತು. ಅವರಿಗೂ ಒಂದು ಆಸೆಯಿತ್ತು, ಅದನ್ನು ಮುಚ್ಚಿಡಬಾರದು. ಊರಿನಲ್ಲಿ ಅಜ್ಜಿಯ ಮನೆಯಲ್ಲಿದ್ದ ದೊಡ್ಡ ಮಗಳಿಗೆ ಗಂಡು ನೋಡುತ್ತಿದ್ದರು. ಗಂಡಿನ ಕಡೆಯವರು, ಹುಡುಗಿ ಚಂದ ಉಂಟು, ಆದರೆ ಹೋಟೆಲಿನವರಲ್ಲವಾ ಎಂದಿದ್ದರಂತೆ. ಆ ಮಾತು ಅವರಿಗೆ ಒಳಗೇ ಕೊರೆಯುತ್ತಿತ್ತು.

ಸರ್ ಯೋಜನೆ ಹೇಳಿದರು. ಬರೋಡಾದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಶೆಡ್ಡು. ಪುಡಿ ಮಾಡುವ ಯಂತ್ರ. ಕೊಯಾಲಿ ಕಡೆ ರಿಫೈನರಿ ಎದ್ದು ಟೌನ್‌ಶಿಪ್ ಬೆಳೆಯುತ್ತಿತ್ತು. ಅಲ್ಲಿನ ಕ್ಯಾಂಟೀನುಗಳಿಗೆ, ದಕ್ಷಿಣದಿಂದ ಬಂದ ಸಂಸಾರಗಳಿಗೆ ಸಾರಿನ ಪುಡಿ, ಹುಳಿಪುಡಿ. ಒಂದೇ ತೊಡಕು: ಸ್ಕೀಮಿನ ನಿಯಮದ ಪ್ರಕಾರ ಕಾರ್ಖಾನೆ ಹಾಕುವವನು ಬೇರೆ ವ್ಯಾಪಾರ ಇಟ್ಟುಕೊಳ್ಳುವಂತಿಲ್ಲ. ಹೋಟೆಲು ಬಿಡಬೇಕು.

ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. "ಹೋಟೆಲು ಬಿಟ್ಟರೆ ತಿನ್ನುವುದೆಂತದು? ಪುಡಿಯಾ?"

"ನೀನು ಸುಮ್ಮನಿರು," ಎಂದರು ಭಟ್ಟರು. "ಸರ್ಕಾರ ದುಡ್ಡು ಹಾಕ್ತದೆ ಅಂದ್ರೆ ಸರ್ಕಾರ ಕೈ ಬಿಡ್ತದಾ? ಕೊಯಾಲಿಯದ್ದೂ ಸರ್ಕಾರದ್ದೇ. ಒಂದು ಕೈಯಲ್ಲಿ ಕಾರ್ಖಾನೆ ಹಾಕು ಹೇಳಿ, ಇನ್ನೊಂದು ಕೈಯಲ್ಲಿ ನಿನ್ನ ಪುಡಿ ಬೇಡ ಹೇಳ್ತದಾ? ಹೇಳಿ ಸರ್!"

ಆಗ ನನಗೆ ಗೊತ್ತಾಯಿತು, ಭಟ್ಟರು ಏನೆಂದು ತಿಳಿದಿದ್ದಾರೆ ಎಂದು. ಸುಮ್ಮನಿರಲು ಆಗಲಿಲ್ಲ. "ಭಟ್ರೇ, ಸರ್ಕಾರ ದುಡ್ಡು ಕೊಡೋದು ನಮ್ಮ ರಿಪೋರ್ಟಿಗೆ. ಶೆಡ್ಡು, ಯಂತ್ರ ಎಲ್ಲಾ ನಿಮ್ಮ ದುಡ್ಡಲ್ಲೇ ಆಗ್ಬೇಕು. ನಿಮ್ಮ ಪುಡಿ ಕೊಳ್ತೀವಿ ಅಂತ ಸರ್ಕಾರ ಎಲ್ಲೂ ಹೇಳಿಲ್ಲ."

ಭಟ್ಟರು ನಕ್ಕುಬಿಟ್ಟರು. "ಅಮ್ಮಾ, ನೀವು ಇಂಗ್ಲಿಷ್ ಓದಿದವರು. ಸರ್ ಲೋಕ ಓದಿದವರು. ಅವರು ಹೇಳ್ಲಿ."

ಎಲ್ಲರೂ ಸರ್ ಕಡೆ ನೋಡಿದೆವು. ಅವರು ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಕಲಸುತ್ತಿದ್ದರು. ಬೆರಳುಗಳು ನಿಂತವು, ಮತ್ತೆ ಕಲಸಿದವು.

"ಮಾರ್ಕೆಟ್ ಅದ, ಭಟ್ಟರ," ಎಂದರು.

ಅದು ಸುಳ್ಳಲ್ಲ. ಭಟ್ಟರು ಕೇಳಿದ್ದಕ್ಕೆ ಉತ್ತರವೂ ಅಲ್ಲ. ಆದರೆ ಭಟ್ಟರು ಅದನ್ನು ಉತ್ತರವೆಂದೇ ತೆಗೆದುಕೊಂಡರು. ಹೆಂಡತಿಯ ಕಡೆ, 'ಕೇಳಿತಾ?' ಎಂಬಂತೆ ಹುಬ್ಬೇರಿಸಿದರು. ಅಕ್ಕ ಒಳಗೆ ಹೋದರು.

ಮೇಲೆ ಬಂದ ಮೇಲೆ ನಾನು ಬಿಡಲಿಲ್ಲ. "ಅವ್ರು ತಪ್ಪು ತಿಳ್ಕೊಂಡಿದ್ದಾರೆ, ಸರ್. ನೀವೊಂದು ಮಾತು ಹೇಳಿದ್ರೆ ಕೇಳ್ತಾರೆ."

"ಅವರಿಗೆ ಧೈರ್ಯ ಬಂದದ. ಧೈರ್ಯ ಕೆಡಸೂದು ಕನ್ಸಲ್ಟಂಟ್ ಕೆಲಸ ಅಲ್ರಿ." ಆ ದನಿಯಲ್ಲಿ ಧಾರವಾಡವಿತ್ತು, ಆದರೆ ನಾನು ಬಲ್ಲ ಮನುಷ್ಯನಿರಲಿಲ್ಲ.

ರಿಪೋರ್ಟ್ ತಯಾರಾಯಿತು. ಸರ್ಕಾರದ ಮೊಹರಿನ ಪತ್ರವನ್ನು ಮೊದಲಿಗಿಟ್ಟು ಬೈಂಡ್ ಮಾಡಿಸಿ ಕೊಟ್ಟಾಗ ಭಟ್ಟರು ಅದನ್ನು ದೇವರ ಪಟದ ಕೆಳಗಿಟ್ಟು ಕುಂಕುಮ ಹಚ್ಚಿದರು. "ಒಂದು ಪುಟ ಓದಿ ಅಮ್ಮಾ, ಅರ್ಥ ಬೇಡ, ಸುಮ್ಮನೆ ಇಂಗ್ಲಿಷಿನಲ್ಲಿ ಓದಿ" ಎಂದು ಗಿರಾಕಿಗಳ ಎದುರು ನನ್ನನ್ನು ನಿಲ್ಲಿಸಿದರು. ಓದಿದೆ. ಎಲ್ಲರೂ ಕೇಳಿದರು. ದಕ್ಷಿಣದ ಸಂಸಾರಗಳೆಲ್ಲ ಅಂಗಡಿಯ ಸಾರಿನ ಪುಡಿಗೆ ಕಾದಿರುವರೆಂದು ಆ ಇಂಗ್ಲಿಷ್ ಎಷ್ಟು ಗಂಭೀರವಾಗಿ ಹೇಳುತ್ತಿತ್ತು! ಆ ಸಂಸಾರಗಳಿಗೆ ಪ್ರತಿ ಬೇಸಿಗೆಯಲ್ಲೂ ಊರಿನಿಂದ ತಾಯಿಯ ಪುಡಿ, ಅತ್ತೆಯ ಪುಡಿ ಡಬ್ಬಿಗಟ್ಟಲೆ ಬರುತ್ತದೆ. ನಮ್ಮ ಮನೆಗೂ ಬರುತ್ತಿತ್ತು. ಹುಡುಗ ಎಂಜಿನಿಯರುಗಳು ಟೌನ್‌ಶಿಪ್ಪಿನ ಮನೆಗಳನ್ನು ಎಣಿಸಿದ್ದರೇ ಹೊರತು, ಒಂದು ಮನೆಯ ಬಾಗಿಲನ್ನೂ ತಟ್ಟಿರಲಿಲ್ಲ.

ಭಟ್ಟರ ಸಂಸಾರ ಬರೋಡಾಕ್ಕೆ ಹೋದ ದಿನ ಕೆಳಗಿನ ಸದ್ದು ನಿಂತಿತು. ನನ್ನ ಸಾಲುಗಳು ನೆಟ್ಟಗಾದವು.

ಇಡೀ ಕಟ್ಟಡದ ಬಾಡಿಗೆ ಕರಾರು ಭಟ್ಟರ ಹೆಸರಿನಲ್ಲಿತ್ತು. ಅವರು ಹೋದ ಮೇಲೆ ಅದನ್ನು ಸರ್ ತಮ್ಮ ಹೆಸರಿಗೆ ಮಾಡಿಸಿಕೊಂಡರು. ಕೆಳಗಿನ ಹಾಲ್ ನಮ್ಮ ರಿಸೆಪ್ಷನ್ ಆಯಿತು. ಇದಕ್ಕೇ ಅವರು ಭಟ್ಟರನ್ನು ಎಬ್ಬಿಸಿದರು ಎಂದು ಗಲ್ಲಿಯಲ್ಲಿ ಮಾತಾಡಿಕೊಂಡರು. ನಾನು ಅದನ್ನು ಇಂದಿಗೂ ನಂಬುವುದಿಲ್ಲ. ಅಷ್ಟು ದೂರ ಯೋಚಿಸಿ ಕೆಡುಕು ಮಾಡುವ ಜಾತಿ ಅವರದಲ್ಲ. ಜಾಗ ಖಾಲಿಯಾಯಿತು, ನಮಗೆ ಜಾಗ ಬೇಕಿತ್ತು, ತೆಗೆದುಕೊಂಡರು… ಯೋಚನೆಯೇ ಮಾಡಲಿಲ್ಲ. ನನಗೆ ಅದೇ ಹೆಚ್ಚು ಕಹಿ.

ಬರೋಡಾದ ಶೆಡ್ಡಿನ ಉದ್ಘಾಟನೆಗೆ ಆಫೀಸರ್ ಬಂದು ರಿಬ್ಬನ್ ಕತ್ತರಿಸಿದರು. ಯಂತ್ರ ತಿರುಗಿತು, ಮೆಣಸಿನ ಘಾಟಿಗೆ ಆಫೀಸರ್ ಸೀನಿದರು, ಭಟ್ಟರು ಶುಭಶಕುನವೆಂದು ಕೈಮುಗಿದರು. 'ಇಂಪ್ಲಿಮೆಂಟೆಡ್.' ಮಾರ್ಚ್ ಮುಗಿಯುವುದಕ್ಕೆ ಮೊದಲೇ ಸರ್ ಫೀಸು ಬಂತು. ಸ್ಕೀಮಿನ ಪ್ರಕಾರ ಎಲ್ಲವೂ ಅಲ್ಲಿಗೆ ಮುಗಿಯಿತು. ಆ ಯಂತ್ರ ಮಾರನೆಯ ದಿನವೂ ತಿರುಗುತ್ತದೆಯೇ ಎಂದು ಕೇಳುವ ಕಾಲಂ ಯಾವ ಕಾಗದದಲ್ಲೂ ಇರಲಿಲ್ಲ.

ಮುಂದಿನದನ್ನು ವಿವರಿಸಲು ಮನಸ್ಸಿಲ್ಲ. ಕ್ಯಾಂಟೀನಿನವರು ಟೆಂಡರ್ ಕರೆದರು, ಕಡಿಮೆ ದರದವನಿಗೆ ಕೊಟ್ಟರು; ಅದು ಅವರ ನಿಯಮ. ಟೌನ್‌ಶಿಪ್ಪಿನ ಹೆಂಗಸರು ಭಟ್ಟರನ್ನು ಕೂರಿಸಿ ಕಾಫಿ ಕೊಟ್ಟು, ಊರು ಯಾವುದು, ಮಕ್ಕಳೆಷ್ಟು ಎಂದೆಲ್ಲ ವಿಚಾರಿಸಿ, ಪುಡಿ ಮಾತ್ರ ಬೇಡವೆಂದರು. ಭಟ್ಟರು ಸರ್ಕಾರದಿಂದ ಆರ್ಡರ್ ಬರುವುದನ್ನೇ ಕಾಯುತ್ತಿದ್ದರು.

ಮಳೆಗಾಲ ಕಳೆದ ಮೇಲೆ ಒಂದು ದಿನ ಅಹಮದಾಬಾದಿನ ಆಫೀಸಿಗೆ ಬಂದರು. ಹೊಸ ಪ್ಯೂನ್‌ಗೆ ಅವರ ಪರಿಚಯವಿಲ್ಲ. ಚೀಟಿ ಕೊಟ್ಟು, ಹೆಸರು ಮತ್ತು ಬಂದ ಕಾರಣ ಬರೆಯಿರಿ ಎಂದ. ಅವರ ಕ್ಯಾಶ್ ಕೌಂಟರ್ ಇದ್ದ ಜಾಗದಲ್ಲೀಗ ಸೋಫಾ. ಅದರ ತುದಿಯಲ್ಲಿ ಕೂತಿದ್ದರು. ನಾನು ಮೆಟ್ಟಿಲಿಳಿದು ಬರುವುದನ್ನು ಕಂಡು ಚೀಟಿ ಚಾಚಿದರು.

"ಎಂತಕ್ಕೆ ಬಂದದ್ದು ಅಂತ ಇಂಗ್ಲಿಷಿನಲ್ಲಿ ಬರೀಬೇಕಂತೆ, ಅಮ್ಮಾ."

"ಏನಂತ ಬರೀಲಿ, ಭಟ್ರೇ?"

ಅವರು ಆ ಹಾಲ್ ಸುತ್ತ ಒಮ್ಮೆ ಕಣ್ಣಾಡಿಸಿದರು. "ಊಟಕ್ಕೆ, ಅಂತ ಬರೀರಿ."

ನಾನು ಚೀಟಿಯನ್ನು ಹರಿದು, ಅವರನ್ನು ನೇರವಾಗಿ ಸರ್ ಕೋಣೆಗೆ ಕರೆದುಕೊಂಡು ಹೋದೆ. ಸರ್ ಎದ್ದು ನಿಂತರು, ಕುರ್ಚಿ ಎಳೆದು ಕೂರಿಸಿದರು, ಎಲ್ಲವನ್ನೂ 'ಹೂಂ, ಹೂಂ' ಎಂದು ಕೇಳಿದರು. ಭಟ್ಟರ ಮಾತು ಮುಗಿಯಿತು. ಸರ್ ಮೇಜಿನ ಮೇಲೆ ಮುಂದಕ್ಕೆ ಬಾಗಿದರು. ಅವರ ಕಣ್ಣಿನಲ್ಲಿ ಆ ಹಳೆಯ ಬೆಳಕು ಬಂತು. ಏನೋ ದಾರಿ ಹೊಳೆದಿದೆ ಎಂದು ನನಗೂ ಆಸೆಯಾಯಿತು.

"ಚಿಂತಿ ಮಾಡಬ್ಯಾಡ್ರಿ. ಮುಳುಗಿದ ಯೂನಿಟ್ ಎತ್ತಲಿಕ್ಕಂತ ಸರ್ಕಾರದ್ದು ಈಗ ಇನ್ನೊಂದು ಸ್ಕೀಮ್ ಬಂದದ. ಇನ್ನೊಂದು ರಿಪೋರ್ಟ್ ಮಾಡೂಣು."

ಭಟ್ಟರು ಅವರನ್ನೇ ನೋಡಿದರು. "ಆ ದುಡ್ಡೂ ಸರ್ಕಾರ ನಿಮಗೇ ಕೊಡುವುದಾ, ಸರ್?"

"ಹೌದ್ರಿ. ನಿಮಗ ಒಂದು ಪೈಸಾ ಖರ್ಚಿಲ್ಲ."

ಸರ್ ಇದನ್ನು ಸಮಾಧಾನದ ಮಾತೆಂದೇ ಹೇಳಿದರು. ಭಟ್ಟರು ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವವರೆಗೆ ನಕ್ಕರು. ಆಮೇಲೆ ಎದ್ದು, "ಒಳ್ಳೆಯ ವ್ಯಾಪಾರ ಮಾರಾಯ್ರೆ ನಿಮ್ಮದು. ಹುಳಿ ಬಂದ ಹಿಟ್ಟಿಗೂ ಕ್ರಯ ಉಂಟು" ಎಂದು ಹೊರಟುಹೋದರು.

ಅವರು ಹೋದ ಮೇಲೆ ಸರ್, "ಬರಕೋರಿ," ಎಂದರು. "ಸಬ್ಜೆಕ್ಟ್: ರಿವೈವಲ್ ಆಫ್…" ನಾನು ಪೆನ್ಸಿಲ್ ಕೆಳಗಿಟ್ಟೆ. ತಿಂಗಳ ಕೊನೆಗೆ ಕೆಲಸ ಬಿಟ್ಟೆ. ಯಾಕೆಂದು ಅವರು ಕೇಳಲಿಲ್ಲ. ಚಂದದ ಒಂದು ಸರ್ಟಿಫಿಕೇಟ್ ಕೊಟ್ಟರು, ಅವರೇ ಕೂತು ಬರೆದದ್ದು, ಅಂಗೈ ಅಗಲದ ಕಾಗದದಲ್ಲಿ.

ಆಮೇಲೆ ಸರ್ ಬಹಳ ದೊಡ್ಡವರಾದರು. ಸೂರತ್ತಿನಲ್ಲೂ ಬ್ರ್ಯಾಂಚ್ ಆಯಿತು, ಮುಂಬಯಿಯಲ್ಲೂ ಆಯಿತು, ಯಾವ ಯಾವುದೋ ಕಮಿಟಿಯಲ್ಲಿ ಕೂತರು ಎಂದು ಕೇಳಿದೆ. ನಾನು ಮದುವೆಯಾಗಿ ಗಂಡನ ಇನ್ಶೂರೆನ್ಸ್ ನೌಕರಿಯ ಜೊತೆ ಊರೂರು ಸುತ್ತಿ, ಮುದುಕಿಯಾಗಿ, ಮಗಳ ಮನೆಗೆಂದು ಮತ್ತೆ ಅಹಮದಾಬಾದಿಗೇ ಬಂದೆ. ಅಷ್ಟು ಹೊತ್ತಿಗೆ ಸರ್ ತೀರಿಕೊಂಡು ವರ್ಷಗಳಾಗಿದ್ದವು. ಸುದ್ದಿ ಕೇಳಿದಾಗ ನನಗೆ ಅಳು ಬರಲಿಲ್ಲ. ಸೂರತ್ತಿನ ಶೆಡ್ಡಿನಲ್ಲಿ ದಿನವಿಡೀ ನಿಂತಿದ್ದವರನ್ನು ಕಳೆದುಕೊಂಡದ್ದು ಅದಕ್ಕಿಂತ ಬಹಳ ಮೊದಲು. ಆ ಅಳು ಎಂದೋ ಮುಗಿದಿತ್ತು…

ಮೊನ್ನೆ ಮೊಮ್ಮಗನನ್ನು ಕೇಳಿದೆ: "ನಿನ್ನ ಅಡ್ವೈಸ್ ತಪ್ಪಾದ್ರೆ ಯಾರಿಗೆ ಲಾಸ್ ಆಗತ್ತೆ, ಪುಟ್ಟಾ?"

"ಅಜ್ಜಿ, ನೆಗೆಟಿವ್ ಮತ್ ಬೋಲೋ ನಾ," ಎಂದು ನನ್ನ ಕೆನ್ನೆ ಹಿಂಡಿ ಫೋನ್ ಎತ್ತಿಕೊಂಡು ಹೋದ. ಒಳ್ಳೆಯ ಹುಡುಗ. ಸರ್ ಕೂಡ ಒಳ್ಳೆಯವರಿದ್ದರು.

ಸರ್ ಅವರನ್ನು ನಾನು ಕೊನೆಯ ಸಲ ನೋಡಿದ್ದು, ಕೆಲಸ ಬಿಟ್ಟ ಸ್ವಲ್ಪ ದಿನಕ್ಕೆ, ಅಹಮದಾಬಾದ್ ಸ್ಟೇಷನ್ನಿನಲ್ಲಿ. ಭಟ್ಟರು ಶೆಡ್ಡು, ಯಂತ್ರ ಎಲ್ಲ ಬಿಟ್ಟು ಸಂಸಾರ ಕಟ್ಟಿಕೊಂಡು ಊರಿಗೆ ಹೊರಟಿದ್ದರು. ಅಲ್ಲಿ ಯಾರದೋ ಹೋಟೆಲಿನಲ್ಲಿ ಅಡುಗೆಗೆ ನಿಲ್ಲುವ ಮಾತಾಗಿತ್ತು. ನಾನು ತಂದೆಯ ಜೊತೆ ಕಳಿಸಿಕೊಡಲು ಹೋಗಿದ್ದೆ. ಥರ್ಡ್ ಕ್ಲಾಸ್ ಡಬ್ಬಿಯಲ್ಲಿ ಅವರ ಟ್ರಂಕು, ಹಾಸಿಗೆ ಸುರುಳಿ, ಹಿತ್ತಾಳೆ ಪಾತ್ರೆಗಳು ದಾರಿಗೆ ಅಡ್ಡವಾಗಿ ಬಿದ್ದಿದ್ದವು. ಬೇರೆ ಪ್ರಯಾಣಿಕರು ಬೈಯುತ್ತಿದ್ದರು. ಅಕ್ಕನಿಗೆ ಕಾಲಿಡಲೂ ಜಾಗವಿರಲಿಲ್ಲ.

ಆಗ ಸರ್ ಬಂದರು. ಯಾರು ಹೇಳಿದ್ದರೋ ಗೊತ್ತಿಲ್ಲ. ಬಾಗಿಲಲ್ಲಿ ನಿಂತು ಒಳಗೆ ನೋಡಿದರು; ಒಂದು ಗಳಿಗೆ ಸುಮ್ಮನೆ ನೋಡಿದರು. ಆಮೇಲೆ ಅಂಗಿಯ ತೋಳು ಮೇಲೆ ಮಡಚಿ ಒಳಗೆ ಬಂದು, "ಆ ಟ್ರಂಕ್ ಮೊದಲು ಹೊರಗ ತಗೀರಿ. ಇದನ್ನ ಅಡ್ಡ ಮಾಡ್ರಿ. ಹಾಸಿಗಿ ಬಿಚ್ಚಿ ಸೀಟಿನ ಮ್ಯಾಲ ಹಾಸ್ರಿ, ಕಟ್ಟೂದ್ಯಾಕ?" ಎಂದು ಶುರುಮಾಡಿದರು. ತಾವೇ ಮಂಡಿಯೂರಿ ಕೂತು ಪಾತ್ರೆಯೊಳಗೆ ಪಾತ್ರೆ ಸೇರಿಸಿದರು. ನೋಡನೋಡುತ್ತಿದ್ದಂತೆ ಇಡೀ ಸಂಸಾರ ಸೀಟಿನ ಕೆಳಗೆ ಮಾಯವಾಯಿತು. ದಾರಿ ತೆರವಾಯಿತು, ಅಕ್ಕನಿಗೆ ಕಾಲು ಚಾಚುವಷ್ಟು ಜಾಗವಾಯಿತು. ಬೈಯುತ್ತಿದ್ದ ಗುಜರಾತಿ ಮುದುಕನೊಬ್ಬ, "ವಾಹ್ ಸಾಹೇಬ್, ಕಮಾಲ್!" ಎಂದ. ಭಟ್ಟರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಸರ್ ಎದ್ದು ಕೈ ಒರೆಸಿಕೊಂಡರು. ಬಾಯಿ ತೆರೆದರು. ಈಗಲಾದರೂ ತಪ್ಪಾಯಿತು ಎಂಬ ಆ ಒಂದು ಮಾತು ಹೇಳುತ್ತಾರೆಂದು ನಾನು ಹೊರಗಿನಿಂದ ಕಿಟಕಿಯ ಸರಳು ಹಿಡಿದು ಕಾದೆ.

"ಇಳಿಯೂ ಮುಂದ, ಟ್ರಂಕ್ ಕಡೀಗೆ ತಗೀರಿ," ಎಂದರು.

ಅಕ್ಕ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಬೈಗುಳವೂ ಅಲ್ಲ, ಹೊಗಳಿಕೆಯೂ ಅಲ್ಲದ ದನಿಯಲ್ಲಿ, ನನ್ನ ಕಡೆ ತಿರುಗಿ, "ಇಷ್ಟು ಬುದ್ಧಿ ಉಂಟಲ್ಲ ಮಗಾ, ಇವರಿಗೆ…" ಎಂದರು.

ರೈಲು ಅಲುಗಿತು. ಸರ್ ಚಲಿಸುವ ಡಬ್ಬಿಯಿಂದ ಇಳಿದರು. ನನ್ನ ಪಕ್ಕದಲ್ಲೇ ಹಾದರೂ ನನ್ನನ್ನು ನೋಡಲಿಲ್ಲ. ರೈಲಿಗೆ ವಿರುದ್ಧ ದಿಕ್ಕಿನಲ್ಲಿ, ಬೆವರಿನಿಂದ ಅಂಗಿ ಬೆನ್ನಿಗಂಟಿದ್ದ ಆ ಮನುಷ್ಯ, ಮಡಚಿದ ತೋಳನ್ನು ಇನ್ನೂ ಇಳಿಸದೆಯೇ, ಜನರ ನಡುವೆ ಸರಸರನೆ ನಡೆದುಹೋದರು.